ಚಳಿಗೆ ಮಾತ್ರ ಬರುವ ಸದ್ದು

ಕಟಕ್. ಆಮೇಲೆ ಏನೂ ಇಲ್ಲ.
ಸ್ಕಾರ್ತೋ ರಸ್ತೆಯ ರೌಂಡಬೌಟಿನಲ್ಲಿ ಮತ್ತೊಮ್ಮೆ
ಕಟಕ್, ಕಟ—
ಅರ್ಧಕ್ಕೇ ನುಂಗಿಕೊಂಡಿತು,
ಹೇಳಲೋ ಬೇಡವೋ ಎಂದು ಅನುಮಾನಿಸುವ ಹೊಸ ಸೊಸೆಯ ಹಾಗೆ.

ಬೆಳಗಿನ ಐದೂ ಮುಕ್ಕಾಲು. ಗ್ರಿಮ್ಸ್‌ಬಿಯಲ್ಲಿ ಜನವರಿ.
ಗಾಜಿನ ಮೇಲಿನ ಹಿಮವನ್ನು ಲೈಬ್ರರಿ ಕಾರ್ಡಿನಿಂದ ಕೆರೆದು
ಹೊರಟಿದ್ದೇನೆ, ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ.
ಹದಿನಾರು ವರ್ಷದ ಹೋಂಡಾ ಜಾಝ್, ಬೂದು ಬಣ್ಣ.
ಹಿಂದಿನ ಯಜಮಾನರು ಮಿಸ್ಟರ್ ಬ್ಲಾಂಚರ್ಡ್, ತೀರಿಕೊಂಡರು.
ಕೀಲಿ ಕೈಗಿಡುತ್ತಾ ಅವರ ಮಗಳು ಹೇಳಿದ್ದು ಒಂದೇ ಮಾತು:
"ಅಪ್ಪ ನಲವತ್ತು ದಾಟಿಸಿದವರಲ್ಲ."

ಸದ್ದು ಯಾಕೆ ಅಂತ ಯಾರನ್ನು ಕೇಳಿದರೂ ಉತ್ತರ ತಯಾರು.
"ಬೇರಿಂಗ್," ಅಂದಳು ಗ್ವೆನ್, ಸೀಸದ ಏಪ್ರನ್ ಕಳಚುತ್ತಾ.
ಪಕ್ಕದ ಮನೆಯ ಡೆಸ್ಮಂಡ್ ಟೈರಿಗೊಂದು ಒದ್ದು,
"ಬ್ರೇಕ್ ಪ್ಯಾಡ್. ಅಲ್ಲವಾದರೆ ಸಸ್ಪೆನ್ಷನ್.
ಅದೂ ಅಲ್ಲವಾದರೆ ಮಾರಿಬಿಡು."
ಪೆಟ್ರೋಲ್ ಬಂಕಿನ ಇಮ್ತಿಯಾಜ್ ಭಾಯಿ ಒಬ್ಬರೇ ಪ್ರಾಮಾಣಿಕರು:
"ರೇಡಿಯೋ ಸ್ವಲ್ಪ ಜೋರು ಮಾಡಿ, ಮೇಡಂ."

ಕ್ಲೈವ್‌ನ ಗ್ಯಾರೇಜಿಗೆ ಮೂರು ಸಲ ಹೋದೆ.
ಮೂರು ಸಲವೂ ಕಾರು ತುಟಿ ಪಿಟಕ್ಕೆನ್ನಲಿಲ್ಲ.
ನಾನೇ ಬಾಯಲ್ಲಿ ಮಾಡಿ ತೋರಿಸಬೇಕಾಯಿತು,
ಕಟಕ್, ಹೀಗೆ, ನಾಲಗೆ ಅಂಗುಳಕ್ಕೆ ಹೊಡೆದ ಹಾಗೆ.
"ಜಾಝ್‌ಗಳೆಲ್ಲ ಹಾಗೇ, ಲವ್," ಅಂದಿದ್ದ ಎರಡನೇ ಸಲ.
ಮೂರನೇ ಸಲ ಕೇಳಿದ, "ಎಡಕ್ಕಾ, ಬಲಕ್ಕಾ?"
"ಚಳಿಗೆ," ಅಂದೆ.
ಟೀ ಮಗ್ಗು ಕೆಳಗಿಟ್ಟು
ಅವನು ಮೊದಲ ಬಾರಿಗೆ ನನ್ನ ಮುಖ ನೋಡಿದ.

ನನಗಿದು ಗೊತ್ತಿಲ್ಲದ್ದೇನಲ್ಲ.
ರಾತ್ರಿಯಿಡೀ ಕಿತ್ತು ತಿಂದ ಮೊಣಕಾಲು
ನನ್ನ ಮೇಜಿನ ಮೇಲೆ ಮಲಗಿಸಿದ ಕೂಡಲೇ ಸುಮ್ಮನಾಗುತ್ತದೆ.
ಪರದೆಯ ಮೇಲೆ ಬಿಳಿ ಎಲುಬು, ಅಷ್ಟೇ.
ಏನೂ ಇಲ್ಲ ಅಂತ ಬರೆದು ಕಳಿಸುತ್ತಾರೆ.
ಜನ ಕುಂಟುತ್ತಲೇ ಮನೆಗೆ ಹೋಗುತ್ತಾರೆ.

ಕಾರನ್ನು ಒಂದಿಡೀ ರಾತ್ರಿ ಅವನ ಅಂಗಳದಲ್ಲಿ ಬಿಟ್ಟೆ.
ಬೆಳಗ್ಗೆ ಆರಕ್ಕೆ ಕೋಟಿನೊಳಗೆ ಮುದುಡಿ ಪಕ್ಕದಲ್ಲಿ ಕೂತ.
"ಹೀಟರ್ ಹಾಕಬೇಡ."
ಇಬ್ಬರ ಉಸಿರೂ ಗಾಜಿಗೆ ಮಂಜಾಗಿ ಹತ್ತಿತು.
ಮೀನಿನ ಧಕ್ಕೆಯವರೆಗೆ ಮಾತಿಲ್ಲ.
ಹಳಿ ದಾಟುವಾಗ, ಕಟಕ್.
ಕಚೇರಿಯಲ್ಲಿ ಸಮ ಸಿಕ್ಕವನ ಹಾಗೆ ಕೈಯೆತ್ತಿದ ಕ್ಲೈವ್.

ನನ್ನನ್ನು ಇಳಿಸಿ, ಸೀಟಿನಡಿ ಮೊಣಕೈವರೆಗೆ ತೂರಿಸಿ
ಕಂಬಿಗೆ ಸಿಕ್ಕಿಕೊಂಡಿದ್ದ ತಗಡಿನ ಡಬ್ಬಿ ಎಳೆದ.
ಪ್ರಯಾಣದ ಪೆಪ್ಪರಮೆಂಟು.
ಪುಡಿಸಕ್ಕರೆಯ ನಡುವೆ ಒಂದೇ ಒಂದು, ಕಿತ್ತಳೆ ಬಣ್ಣದ್ದು.
ಚಳಿಗೆ ಕಲ್ಲಾಗಿ ಉರುಳುತ್ತದೆ. ಹೀಟರಿನ ಶಾಖಕ್ಕೆ ಬೆವರಿ
ಡಬ್ಬಿಯ ತಳ ಕಚ್ಚಿಕೊಳ್ಳುತ್ತದೆ,
ನಾನು ಗ್ಯಾರೇಜು ತಲುಪುವಷ್ಟರಲ್ಲಿ.

ನಲವತ್ತು ಪೌಂಡ್ ಬಿಲ್ಲು.
"ಹುಡುಕಿದ್ದಕ್ಕೆ," ಅಂದ, ಕಣ್ಣು ತಪ್ಪಿಸದೆ.
ಚೌಕಾಸಿ ಮಾಡಲಿಲ್ಲ.
ನಾನೂ ಎಲುಬು ಜೋಡಿಸುವವಳಲ್ಲ, ತೋರಿಸುವವಳು.

ಕೊನೆಯದನ್ನು ಮಿಸ್ಟರ್ ಬ್ಲಾಂಚರ್ಡ್ ಯಾರಿಗೆಂದು ಉಳಿಸಿದರೋ.
ಅಥವಾ ಅವರಿಗೆ ಕಿತ್ತಳೆ ಸೇರುತ್ತಿರಲಿಲ್ಲವೋ.
ಡಬ್ಬಿ ಎರಡು ದಿನ ಅಡುಗೆಮನೆ ಕಿಟಕಿಯಲ್ಲಿ ಕೂತಿತ್ತು.
ಆ ಎರಡು ದಿನ ಕಾರು ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿತು;
ನಾನೋ ಪ್ರತಿ ತಿರುವಿಗೂ ಕಿವಿ ನಿಮಿರಿಸಿ,
ಇನ್ನೇನು ಕೆಟ್ಟಿದೆಯೋ ಎಂದು
ಸ್ಟಿಯರಿಂಗ್ ಬಿಗಿ ಹಿಡಿದೇ ಇದ್ದೆ.
ಮೂರನೇ ದಿನ ತಂದು ಸೀಟಿನಡಿ ಇಟ್ಟೆ.
ಅದೇ ಕಂಬಿಗೆ, ಕೈಗೆ ತಿಳಿದಷ್ಟು ಮಟ್ಟಿಗೆ, ಅದೇ ಕೋನಕ್ಕೆ.

ಶುಕ್ರವಾರ ಗ್ವೆನ್‌ಳ ಕಾರು ಕೆಟ್ಟು, ನನ್ನದರಲ್ಲಿ ಹತ್ತಿಸಿಕೊಂಡೆ.
ಕತ್ತಲೆ, ಮಂಜು, ಮುಳ್ಳು ಮೂವತ್ತೆಂಟರಲ್ಲಿ.
"ಅಯ್ಯೋ, ಏನದು ಸದ್ದು?"
ಕನ್ನಡಿ ನೋಡಿದೆ. ಇಂಡಿಕೇಟರ್ ಹಾಕಿದೆ.
"ಜಾಝ್‌ಗಳೆಲ್ಲ ಹಾಗೇ," ಅಂದೆ.